ಟಿಂಕರಿಂಗ್ ಲ್ಯಾಬ್‌ಗೆ ಜೀವಶಾಸ್ತ್ರವೂ ಬರಲಿ

ಮಾನ್ಯರೇ,

ಮಕ್ಕಳು ಕೈಯಾರೆ ಮಾಡಿ ಕಲಿಯುವ ಪ್ರಯೋಗಶಾಲೆಯಾದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಪ್ರೌಢಶಾಲೆಗಳಿಗೆ ಕೇಂದ್ರ ಸರ್ಕಾರ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ನಾನು ನೋಡಿದ ಲ್ಯಾಬ್‌ಗಳಲ್ಲಿ ರೋಬಾಟ್‌ಗಳದ್ದೇ ಕಾರುಬಾರು. ಜೀವಶಾಸ್ತ್ರದ ಶಿಕ್ಷಕರು ಅತ್ತ ಸುಳಿಯುವುದೇ ಅಪರೂಪ. ಇದು ದೊಡ್ಡ ನಷ್ಟ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ವಿಜ್ಞಾನಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ಮಕ್ಕಳೇ ಮಡಚಿ ಜೋಡಿಸಬಹುದು. ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುವ ಅದನ್ನು ಮೊಬೈಲ್ ಕ್ಯಾಮೆರಾಕ್ಕೆ ಅಂಟಿಸಿದರೆ ಇಡೀ ತಂಡ ಒಟ್ಟಿಗೆ ನೋಡಬಹುದು. ರಿಯೋ ಎಂಬ ಅಲಂಕಾರಿಕ ಗಿಡದ ಎಲೆಯ ತಳಭಾಗದ ನೇರಳೆ ಸಿಪ್ಪೆಯನ್ನು ತೆಳುವಾಗಿ ಸುಲಿದು, ಗಾಜಿನ ಮೇಲಿಟ್ಟು, ಗಾಢವಾದ ಉಪ್ಪುನೀರಿನ ಒಂದು ಹನಿ ಬಿಡಿ. ಕೆಲವೇ ನಿಮಿಷಗಳಲ್ಲಿ ಕೋಶದೊಳಗಿನ ನೇರಳೆ ಬಣ್ಣ ಕುಗ್ಗುತ್ತಾ ಗೋಡೆಯಿಂದ ದೂರ ಸರಿಯುತ್ತದೆ. ಅಭಿಸರಣೆಯ, ಅಂದರೆ ತೆಳು ಪೊರೆಯ ಮೂಲಕ ನೀರು ಗಾಢ ದ್ರಾವಣದತ್ತ ಸಾಗುವುದರ, ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ಮಗು ಆಗ ಕೇಳುವ ಪ್ರಶ್ನೆಗಳೇ ಬೇರೆ: ನೀರು ಹೋಗಿದ್ದೆಲ್ಲಿಗೆ? ಸಿಹಿನೀರು ಹಾಕಿದರೆ ಮರಳಿ ಬರುತ್ತದೆಯೇ? ಹಾಕಿ ನೋಡಲಿ, ಉತ್ತರ ಅಲ್ಲೇ ಸಿಗುತ್ತದೆ.

ಅದೇ ಲ್ಯಾಬಿನ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಫಲಕಕ್ಕೆ ನಾಡಿ ಸಂವೇದಕ ಜೋಡಿಸಿದರೆ, ಮೆಟ್ಟಿಲು ಹತ್ತಿ ಬಂದ ಮಗು ತನ್ನದೇ ಎದೆಬಡಿತದ ಏರಿಳಿತವನ್ನು ಪರದೆಯ ಮೇಲೆ ಕಾಣಬಹುದು.

ಶಿಕ್ಷಣ ಇಲಾಖೆ ಜೀವಶಾಸ್ತ್ರ ಶಿಕ್ಷಕರಿಗೆ ಈ ಲ್ಯಾಬ್‌ಗಳಲ್ಲಿ ತರಬೇತಿ ಕೊಡಲಿ, ವೇಳಾಪಟ್ಟಿಯಲ್ಲಿ ಜೋಡಿ ಅವಧಿ ಮೀಸಲಿಡಲಿ. ಎಸ್‌ಎಸ್‌ಎಲ್‌ಸಿಯ 20 ಆಂತರಿಕ ಅಂಕಗಳಲ್ಲಿ ಕೆಲವನ್ನಾದರೂ ಇಂತಹ ಕೆಲಸಕ್ಕೆ ಕೊಡಲಿ. ಲ್ಯಾಬ್ ಇಲ್ಲದ ಹಳ್ಳಿ ಶಾಲೆಗಳಿಗೆ ಮೊದಲು ಕಾಗದದ ಸೂಕ್ಷ್ಮದರ್ಶಕವನ್ನಾದರೂ ತಲುಪಿಸಲಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ತಿಪಟೂರು