ಪೇಪರ್ ಕಳಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಜರ್ನಲ್‌ಗೆ (ಸಂಶೋಧನಾ ಪತ್ರಿಕೆಗೆ) ಪೇಪರ್ ಕಳಿಸುವವರು ಶನಿವಾರ ಸಂಜೆ 4ಕ್ಕೆ ಲ್ಯಾಬಿಗೆ ಬನ್ನಿ. ದುಡ್ಡಿಗಾಗಿ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಿಗೆ ಬೀಳದಂತೆ ಒಟ್ಟಿಗೆ ಕೂತು ನೋಡೋಣ.

ಕಳೆದ ವಾರ ನಮ್ಮಲ್ಲೊಬ್ಬರಿಗೆ ಕಳಿಸಿದ ಎರಡೇ ದಿನಕ್ಕೆ "ಪೇಪರ್ ಒಪ್ಪಿದ್ದೇವೆ, ದುಡ್ಡು ಕಟ್ಟಿ" ಅಂತ ಮೇಲ್ ಬಂತು. ಅಷ್ಟರಲ್ಲಿ ಯಾರು ಓದಿ ಪರಿಶೀಲಿಸಿರ್ತಾರೆ ಹೇಳಿ!

ಓಪನ್ ಆಕ್ಸೆಸ್ (ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಪ್ರಕಟಣೆ) ಅಂದರೆ ಲೇಖಕರೇ ದುಡ್ಡು ಕೊಡಬೇಕು ಅಂತೇನಿಲ್ಲ. ನಮ್ಮ ಬೆಂಗಳೂರಿನಲ್ಲೇ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇದೆಯಲ್ವಾ? ಸ್ಪ್ರಿಂಗರ್ ಅನ್ನೋ ಪ್ರಕಾಶನ ಸಂಸ್ಥೆ ಜೊತೆ ಸೇರಿ ಜರ್ನಲ್ ತಂದರೂ, 'ಪ್ರಮಾಣ', 'ರೆಸೊನೆನ್ಸ್' ಲೇಖನಗಳನ್ನು ತನ್ನ ಜಾಲತಾಣದಲ್ಲಿ ಪುಕ್ಕಟೆ ಓದಲು ಇಟ್ಟಿದೆ.

ಬರುವಾಗ ನಿಮ್ಮ ಜರ್ನಲ್ ಹೆಸರು, ಅದನ್ನು ನಡೆಸುವ ಸಂಘ, ಶುಲ್ಕ ಬರೆದುಕೊಂಡು ಬನ್ನಿ. ಓಪನ್ ಆಕ್ಸೆಸ್ ಜರ್ನಲ್ ಆದರೆ, ಅಂಥ ಜರ್ನಲ್‌ಗಳನ್ನು ಪರಿಶೀಲಿಸಿ ಸೇರಿಸುವ ಡಿಒಎಜೆ (DOAJ) ಅನ್ನೋ ಆನ್‌ಲೈನ್ ಪಟ್ಟಿಯಲ್ಲಿದೆಯಾ ನೋಡಿ.

ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಸುಮ್ನೆ ಥಂಬ್ಸ್‌ಅಪ್ ಒತ್ತಬೇಡಿ, ಲೆಕ್ಕ ಸಿಗುವುದಿಲ್ಲ.