ಅಜ್ಜಿಯ ಮನೆಯಲ್ಲೇ ಬೆಳೆಯಲಿ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಕಳಸದ ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ನಿವೃತ್ತಿಯ ಹಿಂದಿನ ವರ್ಷ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗನ ವಿಷಯವನ್ನು ತಮ್ಮ ಗಮನಕ್ಕೆ ತರಬೇಕಾಗಿದೆ.

ಆಗ ಅವನು ನಾಲ್ಕನೇ ತರಗತಿ. ಅಪ್ಪ ತೀರಿಕೊಂಡಿದ್ದ, ಅಮ್ಮ ಮನೆ ಬಿಟ್ಟು ಹೋಗಿದ್ದಳು. ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಅಜ್ಜಿಯ ಜೊತೆ ಇದ್ದ. ಕೊಯ್ಲಿನ ಸಮಯದಲ್ಲಿ ಅಜ್ಜಿಗೆ ಬಿಡುವಿಲ್ಲದ ಕೆಲಸ, ಮಳೆ ಹಿಡಿದರೆ ವಾರಗಟ್ಟಲೆ ಕೂಲಿಯೇ ಇಲ್ಲ. ಇಂಥ ಮಕ್ಕಳು ತಮ್ಮವರ ಜೊತೆಯಲ್ಲೇ ಬೆಳೆಯಲಿ ಎಂದೇ ಕೇಂದ್ರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಕೊಡುವ ಪ್ರಾಯೋಜಕತ್ವ ಯೋಜನೆ ಇದೆ. ಅರ್ಜಿಯನ್ನು ನಾನೇ ಬರೆದುಕೊಟ್ಟೆ.

ಅಜ್ಜಿ ಕಾಗದಪತ್ರಗಳನ್ನೆಲ್ಲ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನೆನೆಯದಂತೆ ಸೆರಗಿನೊಳಗೆ ಅವುಚಿಕೊಂಡು ಬಂದಿದ್ದಳು. ಮಗನ ಹೆಸರು ಮರಣ ಪತ್ರದಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಅದನ್ನು ಸರಿಮಾಡಿಸಲು ಒಮ್ಮೆ, ಆದಾಯ ಪ್ರಮಾಣ ಪತ್ರಕ್ಕೆ ಎರಡು ಸಲ, ಬ್ಯಾಂಕ್ ಖಾತೆಗೆ ಒಮ್ಮೆ ಅಲೆದಳು. ಜಿಲ್ಲಾ ಕೇಂದ್ರಕ್ಕೆ ಮೂರು ಸಲ ಹೋದಳು. ಬಾಳೆಹೊನ್ನೂರು, ಆಲ್ದೂರು ದಾಟಿ ಹೋಗಿ ಬರುವಷ್ಟರಲ್ಲಿ ಇಡೀ ದಿನ ಕಳೆದು, ಆ ದಿನದ ಕೂಲಿಯೂ ಹೋಗುತ್ತಿತ್ತು. ಮೂರನೇ ಸಲ ಹೋದಾಗ ಸಂಬಂಧಪಟ್ಟವರು ಮೀಟಿಂಗಿಗೆ ಹೋಗಿದ್ದಾರೆ ಎಂದರಂತೆ. ಆಮೇಲೆ ಅವಳು ಹೋಗಲಿಲ್ಲ. ಹುಡುಗ ದೂರದ ಊರಿನ ಮಕ್ಕಳ ನಿಲಯ ಸೇರಿದ.

ದಸರಾ ರಜೆಗೆ ಬಂದಿದ್ದಾನೆಂದು ಕೇಳಿ ನೋಡಲು ಹೋದೆ. ಬ್ಯಾಗು ಬಾಗಿಲ ಪಕ್ಕದಲ್ಲಿತ್ತು. ದಿನಾ ಬೆಳಿಗ್ಗೆ ಎದ್ದವನೇ ಹಾಸಿಗೆ ಸುತ್ತಿ, ಬಟ್ಟೆ ಮಡಚಿ, ಬ್ಯಾಗಿಗೆ ತುಂಬಿ ಅಲ್ಲಿಡುತ್ತಾನಂತೆ. ಎರಡನೇ ಸಲ ಅನ್ನ ಬೇಕೆಂದು ಬಾಯಿಬಿಟ್ಟು ಕೇಳುವುದಿಲ್ಲವಂತೆ. "ನೆಂಟ್ರ ಮನೆಗೆ ಬಂದಂಗೆ ಇರ್ತಾನೆ ಟೀಚ್ರೇ" ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ನಿಲಯದವರನ್ನು ನಾನು ದೂರುತ್ತಿಲ್ಲ. ಊಟ, ಓದು ಎರಡೂ ಅಲ್ಲಿ ಚೆನ್ನಾಗಿವೆ. ಹೊಡೆತ ಬಡಿತ ತಾಳಲಾರದೆ ಬಂದ ಮಕ್ಕಳಿಗೆ ಅಂಥ ಆಸರೆ ಬೇಕೇ ಬೇಕು. ಆದರೆ ಈ ಹುಡುಗನಿಗೆ ಎದೆಗವುಚಿಕೊಳ್ಳುವ ಅಜ್ಜಿ ಇದ್ದಳು, ಅಜ್ಜಿಯ ಕೈಯಲ್ಲಿ ದುಡ್ಡಿರಲಿಲ್ಲ, ಅಷ್ಟೇ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ. ತೋಟದ ಲೈನಿನಲ್ಲಿರುವ ಅಜ್ಜಿಯ ಕಣ್ಣಿಗೆ ಕಾಣುವುದು ಅದೊಂದೇ ದಾರಿ.

ಈ ಕಾಯ್ದೆಗೆ 2021ರಲ್ಲಾದ ತಿದ್ದುಪಡಿಯ ನಂತರ, ಇಂಥ ಅರ್ಜಿಗಳನ್ನು ನೋಡಿಕೊಳ್ಳುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೇಲುಸ್ತುವಾರಿ ತಮ್ಮದೇ ಆದ್ದರಿಂದ ತಮ್ಮನ್ನೇ ಕೇಳುತ್ತಿದ್ದೇನೆ. ಪಿಂಚಣಿ ಅದಾಲತ್ ಹೋಬಳಿಗೇ ಬರುತ್ತದೆ. ವಿಧವಾ ವೇತನ, ಸಂಧ್ಯಾ ಸುರಕ್ಷಾ ಅರ್ಜಿಗಳು ಅಲ್ಲೇ ಇತ್ಯರ್ಥವಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದೇ ದಿನ, ಅದೇ ಶಾಮಿಯಾನದಡಿ ಮಕ್ಕಳ ರಕ್ಷಣಾ ಘಟಕದವರೂ ಒಂದು ಮೇಜು ಹಾಕಿಕೊಂಡು ಕೂರಲಿ. ಪಕ್ಕದಲ್ಲಿ ನಾಡಕಚೇರಿಯವರು, ಬ್ಯಾಂಕಿನವರು ಇರಲಿ. ಯಾವ ಕಾಗದ ಬಾಕಿ, ಎಂದು ತರಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ಹಾಗೆ ಮಾಡಿದ್ದರೆ ಆ ಅಜ್ಜಿಯ ಏಳು ಓಡಾಟ ಒಂದರಲ್ಲೇ ಮುಗಿಯುತ್ತಿತ್ತು.

ಇನ್ನೊಂದು ಮಾತು. ಹಳ್ಳಿಯವರಿಗೆ ಈ ಯೋಜನೆ ಸಿಗಬೇಕಾದರೆ ಕುಟುಂಬದ ವರಮಾನ ವರ್ಷಕ್ಕೆ 72,000 ರೂಪಾಯಿ ದಾಟುವಂತಿಲ್ಲ. ದಿನಕ್ಕೆ 350 ರೂಪಾಯಿಯಂತೆ ತಿಂಗಳಿಗೆ 18 ದಿನ ದುಡಿದರೂ ಅದು 75,600 ಆಗುತ್ತದೆ. ಅರವತ್ತು ದಾಟಿದ ಮೇಲೂ ಮೈಮುರಿದು ದುಡಿಯುವವಳನ್ನು ಅದೇ ಕಾರಣಕ್ಕೆ ಹೊರಗಿಡುವುದು ನ್ಯಾಯವಲ್ಲ. ಮಿತಿ ಬದಲಿಸುವುದು ತಮ್ಮ ಕೈಯಲ್ಲಿಲ್ಲ, ಗೊತ್ತು. ತೋಟದ ಜಿಲ್ಲೆಯ ಸ್ಥಿತಿ ಹೀಗಿದೆ ಎಂದು ತಾವೊಂದು ಪತ್ರ ಬರೆದರೆ ಅದಕ್ಕೆ ತೂಕವಿರುತ್ತದೆ.

ಯಾರೂ ಇಲ್ಲದ ಮಕ್ಕಳಿಗೂ ನಿಲಯವೊಂದೇ ಗತಿಯಾಗಬೇಕಿಲ್ಲ, ಪೋಷಕತ್ವ ಯೋಜನೆ ಇದೆ. 2024ರ ಮಾರ್ಗಸೂಚಿಯಂತೆ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಮಗುವನ್ನು ಮನೆಯಲ್ಲಿಟ್ಟು ಸಾಕಬಹುದು. ನಮ್ಮ ಮಹಿಳಾ ಸಂಘದಲ್ಲಿ ಇದನ್ನು ಹೇಳಿದಾಗ ಇಬ್ಬರು, "ಹೌದಾ, ನಮಗೂ ಕೊಡ್ತಾರಾ?" ಎಂದು ಕೇಳಿದರು. ಗ್ರಾಮ ಸಭೆಗಳಲ್ಲಿ ಇದನ್ನು ತಿಳಿಸಿದರೆ ಇನ್ನಷ್ಟು ಮನೆಗಳ ಬಾಗಿಲು ತೆರೆದೀತು.

ಕಳಸದಲ್ಲಿ ಅಂಥ ಅದಾಲತ್ತಿಗೆ ಒಂದು ದಿನ ಗೊತ್ತುಮಾಡಿ. ಅರ್ಜಿ ಬರೆದುಕೊಡಲು ನಿವೃತ್ತ ಶಿಕ್ಷಕರು ನಾವು ನಾಲ್ವರು ಸಿದ್ಧರಿದ್ದೇವೆ. ಹುಡುಗನಿಗೆ ಬರುವ ಜೂನ್‌ನಲ್ಲಿ ಆರನೇ ತರಗತಿ. ಅಜ್ಜಿಯ ಕವರು ನನ್ನ ಬಳಿಯೇ ಇದೆ, ಮೊದಲ ಅರ್ಜಿ ಅವಳದ್ದು.

ಇಂತಿ,
ಕಳಸದ ನಿವೃತ್ತ ಶಿಕ್ಷಕಿ