ಗ್ರೀಕ್ ಹೆಸರಿಗೆ ತಂದೆ, ಊರು ಎರಡೂ ಬೇಕು

ಮಾನ್ಯರೇ,

ಪ್ರಾಚೀನ ಗ್ರೀಸ್ ಕುರಿತ ಲೇಖನಗಳಲ್ಲಿ ಬರೀ 'ಥುಸಿಡಿಡೀಸ್' ಎಂದು ಅಚ್ಚಾದರೆ ಓದುಗರು ದಾರಿ ತಪ್ಪುತ್ತಾರೆ. ಇತಿಹಾಸಕಾರ ಥುಸಿಡಿಡೀಸ್ ಓಲೊರಸ್‌ನ ಮಗ. ಅಥೆನ್ಸಿನ ನಾಯಕ ಪೆರಿಕ್ಲೀಸ್‌ನನ್ನು ಎದುರಿಸಿ ಕ್ರಿ.ಪೂ. 443ರ ಸುಮಾರಿಗೆ ಗಡೀಪಾರಾದವನು ಮೆಲೇಸಿಯಸ್‌ನ ಮಗ. ಡೆಮಾಸ್ತನೀಸರೂ ಇಬ್ಬರು. ಸಿಸಿಲಿಯಲ್ಲಿ 413ರಲ್ಲಿ ಸತ್ತವನು ಸೇನಾಪತಿ, 322ರಲ್ಲಿ ತೀರಿಕೊಂಡವನು ವಾಗ್ಮಿ. ವಾಗ್ಮಿಯ ತಂದೆಯ ಹೆಸರೂ ಡೆಮಾಸ್ತನೀಸೇ! ಇಂಥಲ್ಲಿ ವಾಗ್ಮಿಗೆ 'ಪಾಯನಿಯಾದವನು' ಎಂದು ಊರನ್ನೂ ಸೇರಿಸಲೇಬೇಕು.

ಅಥೆನ್ಸಿನವರೇ ಹಾಗೆ ಬರೆಯುತ್ತಿದ್ದರು. ಕ್ರಿ.ಪೂ. 335-34ರ ಲಿಸಿಕ್ರಟೀಸ್ ಸ್ಮಾರಕ ಇಂದಿಗೂ ಅಥೆನ್ಸಿನಲ್ಲಿ ನಿಂತಿದೆ. 'ಲಿಸಿಥೈಡೀಸ್‌ನ ಮಗ, ಕಿಕಿನ್ನಾದ ಲಿಸಿಕ್ರಟೀಸ್' ಎಂದು ಅದರ ಶಾಸನವೇ ಹೇಳುತ್ತದೆ. ಅವನು ವೆಚ್ಚ ಭರಿಸಿದ, ಸ್ಪರ್ಧೆಯಲ್ಲಿ ಗೆದ್ದ ಬಾಲಕರ ಗಾಯನ ತಂಡ, ಕೊಳಲು ನುಡಿಸಿದ ಥಿಯೋನ್, ಆ ವರ್ಷದ ಆರ್ಕನ್ (ಮುಖ್ಯ ಅಧಿಕಾರಿ) ಎವೈನೆಟಸ್ ಎಲ್ಲರೂ ಅದರಲ್ಲಿದ್ದಾರೆ. ಸ್ಮಾರಕದ ಚಿತ್ರದ ಕೆಳಗೆ ಅಷ್ಟನ್ನಾದರೂ ಹಾಕಿ.

ನದಿಗಳದ್ದೂ ಇದೇ ಪಾಡು. ಅಥೆನ್ಸಿನ ಕೆಫಿಸೋಸ್ ಸರೋನಿಕ್ ಕೊಲ್ಲಿ ಸೇರುತ್ತದೆ. ಬಿಯೋಷಿಯಾ ಪ್ರಾಂತ್ಯದ ಕೆಫಿಸೋಸ್ ಅಂದು ಕೊಪಾಯಿಸ್ ಸರೋವರಕ್ಕೆ ಹರಿಯುತ್ತಿತ್ತು. ಎಲ್ಯೂಸಿಸ್ ಬಳಿ ಇನ್ನೊಂದಿದೆ. ಈ ನದಿದೇವರ ಹೆಸರಿನಿಂದಲೇ ಬಂದ ಕೆಫಿಸೊಡೋಟಸ್ ಎಂಬ ಶಿಲ್ಪಿಗಳೂ ಇಬ್ಬರು. ಊರು ಇಲ್ಲವೇ ಪ್ರಾಂತ್ಯದ ಹೆಸರಿಲ್ಲದೆ ಯಾವ ಕೆಫಿಸೋಸನ್ನೂ ನಕಾಶೆಯಲ್ಲಿ ಗುರುತಿಸಬೇಡಿ.

– ಓರ್ವ ಓದುಗ